ಕನ್ನಡಿಯೇ ಶಟರ್ ಆದ ಕ್ಯಾಮೆರಾ

ಕೇಳುಗರಿಗೆ ನಮಸ್ಕಾರ. ಫಿಲ್ಮ್ ಕ್ಯಾಮೆರಾ ಹುಚ್ಚು ಈಗ ಮತ್ತೆ ಶುರುವಾಗಿದೆ ಅಲ್ವಾ, ಅದಕ್ಕೆ ಇವತ್ತು ಎಕ್ಸಾ ಅನ್ನೋ ಹಳೇ ಕ್ಯಾಮೆರಾ ಬಗ್ಗೆ ಮಾತಾಡೋಣ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಇಹಾಗೆ ಅಂತ ಒಂದು ಕಂಪನಿ ಇತ್ತು. ಅವರು 1936ರಲ್ಲಿ ಕಿನೆ ಎಕ್ಸಾಕ್ಟಾ ತಂದರು. 35 ಎಂಎಂ ಫಿಲ್ಮಿನ ಎಸ್‌ಎಲ್‌ಆರ್, ಅಂದರೆ ಲೆನ್ಸ್‌ನಲ್ಲಿ ಬಂದ ಚಿತ್ರವನ್ನೇ ಕನ್ನಡಿಯ ಮೂಲಕ ನೋಡೋ ಕ್ಯಾಮೆರಾ, ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಶಟರ್ ವೇಗ. ಭಾರಿ ಕ್ಯಾಮೆರಾ, ಬೆಲೆಯೂ ಭಾರಿ. 1945ರ ಬಾಂಬ್ ದಾಳಿಯಲ್ಲಿ ಕಾರ್ಖಾನೆ ನೆಲಸಮವಾಯಿತು. ಊರು ಪೂರ್ವ ಜರ್ಮನಿಗೆ ಸೇರಿತು, ಮತ್ತೆ ಕೆಲಸ ಶುರುವಾಯಿತು, 1951ರ ಹೊತ್ತಿಗೆ ಹವ್ಯಾಸಿಗಳಿಗೆಂದೇ ಅಗ್ಗದ ಎಕ್ಸಾ ಬಂತು.

ಅಗ್ಗ ಮಾಡಿದ್ದು ಹೇಗೆ ಅನ್ನೋದೇ ಮಜಾ. ಆ ಕಾಲದ ಬಹುತೇಕ ಎಸ್‌ಎಲ್‌ಆರ್‌ಗಳಲ್ಲಿ ನಾವು ನೋಡೋಕೆ ಒಂದು ಕನ್ನಡಿ, ಅದರ ಹಿಂದೆ ಫಿಲ್ಮ್ ಮುಚ್ಚೋಕೆ ಬಟ್ಟೆಯ ಪರದೆ, ಅಂದರೆ ಶಟರ್, ಇರುತ್ತದೆ. ಎಕ್ಸಾದಲ್ಲಿ ಪರದೆಯೇ ಇಲ್ಲ. ಗುಂಡಿ ಒತ್ತಿದರೆ ಕನ್ನಡಿ ಮೇಲಕ್ಕೆ ಏಳುತ್ತದೆ, ಫಿಲ್ಮಿಗೆ ಬೆಳಕು ಬೀಳುತ್ತದೆ, ಬೆನ್ನಿಗೇ ಬಾಗಿದ ತಗಡೊಂದು ಬಂದು ಮುಚ್ಚಿಬಿಡುತ್ತದೆ. ಅಷ್ಟೇ! ಆದರೆ ಅಷ್ಟು ಭಾರದ ಲೋಹ ಎಷ್ಟು ಬೇಗ ಓಡೀತು? ಮೊದಲ ಮಾದರಿಯಲ್ಲಿ 25, 50, 100, 150 ಇಷ್ಟೇ ವೇಗ, ಅಂದರೆ ಸೆಕೆಂಡಿನ 25ರಲ್ಲೊಂದು ಭಾಗ, 50ರಲ್ಲೊಂದು ಭಾಗ ಹೀಗೆ, ಜೊತೆಗೆ ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದೇ ಇರೋ ಬಿ.

ಸಾಲದು ಅನ್ನಬೇಡಿ. ಐಎಸ್‌ಒ 100ರ ಫಿಲ್ಮ್ ಹಾಕಿ, ಚೆನ್ನಾಗಿ ಬಿಸಿಲಿದ್ದರೆ ಲೆನ್ಸ್ ಕಿಂಡಿ ಚಿಕ್ಕದಾಗಿಸಿ ಎಫ್ 16ಕ್ಕೆ ಇಟ್ಟು 100ರ ವೇಗ, ಬೆಳಕು ಅಳೆಯೋ ಮೀಟರೇ ಬೇಡ. ಬಿಸಿಲಲ್ಲಿ ಲೆನ್ಸ್ ಪೂರ್ತಿ ತೆರೆದು ಹಿನ್ನೆಲೆ ಮಸುಕು ಮಾಡೋ ಆಸೆ ಇದ್ದರೆ ಮಾತ್ರ ಬೇರೆ ಕ್ಯಾಮೆರಾ ನೋಡಿಕೊಳ್ಳಿ, ಓಡೋ ಮಕ್ಕಳ ಫೋಟೋಗೂ ಅಷ್ಟೇ.

ಎಕ್ಸಾಕ್ಟಾದ ಲೆನ್ಸ್‌ಗಳೇ ಇದಕ್ಕೂ ಕೂರುತ್ತವೆ. ಝೈಸ್ ಕಂಪನಿಯ ಟೆಸ್ಸಾರ್ ಲೆನ್ಸ್ ಸಿಕ್ಕರೆ ಬಿಡಬೇಡಿ. ತೀರಾ ಉದ್ದದ ಲೆನ್ಸ್ ಬೇಡ, ಚಿತ್ರದ ಅಂಚು ಕಪ್ಪಾಗುತ್ತದೆ. ಕ್ಯಾಮೆರಾ ಹೊಟ್ಟೆಯ ಹತ್ತಿರ ಹಿಡಿದು ಮೇಲಿಂದ ಬಗ್ಗಿ ನೋಡಬೇಕು, ಎಡ ಬಲ ಅದಲುಬದಲಾಗಿ ಕಾಣುತ್ತದೆ, ಒತ್ತೋ ಗುಂಡಿಯೂ ಎಡಗೈ ಕಡೆ. ಎಡಚರಿಗೆ ಅಂತೂ ಹಬ್ಬ. ಒತ್ತಿದ ಮೇಲೆ ಎಲ್ಲ ಕತ್ತಲಾದರೆ ಗಾಬರಿ ಬೇಡ, ಫಿಲ್ಮ್ ಸುತ್ತಿದ ಮೇಲೇ ಕನ್ನಡಿ ಕೆಳಗೆ ಬರೋದು.

ಕೊಳ್ಳುವಾಗ ಲೆನ್ಸ್ ಬಿಚ್ಚಿ, 25ರ ವೇಗದಲ್ಲಿ ನಾಲ್ಕಾರು ಸಲ ಒತ್ತಿ ನೋಡಿ. ಕನ್ನಡಿ ತಡವರಿಸಿದರೆ ಒಳಗಿನ ಹಳೇ ಎಣ್ಣೆ ಅಂಟಾಗಿರಬಹುದು. ರಿಪೇರಿ ಖರ್ಚು ಕಳೆದು ಬೆಲೆ ಕೇಳಿ, ಒಪ್ಪದಿದ್ದರೆ ಸುಮ್ನೆ ವಾಪಸ್ ಕೊಟ್ಟುಬಿಡಿ. ನಮಸ್ಕಾರ.