ನೀನು ಚೆಂದ ಇದ್ದೀಯಾ ಅಂತ ನಿನಗೆ ಹೇಳಿದ್ದು ಯಾರು?

ನಮಸ್ಕಾರ. ಇವತ್ತಿನ ವಿಷಯ ಸ್ವಲ್ಪ ಮುಜುಗರದ್ದು. ಬೇರೆಯವರ ಕಣ್ಣಿಗೆ ನಾನು ಚೆನ್ನಾಗಿ ಕಾಣ್ತೀನಾ? ಈ ಪ್ರಶ್ನೆ ಕೇಳಿಕೊಳ್ಳದ ಹೆಂಗಸು ನನಗಂತೂ ಸಿಕ್ಕಿಲ್ಲ. ಗಂಡಸರಿಗೂ ಈ ಚಿಂತೆ ಇದೆ, ಇಲ್ಲ ಅನ್ನಲ್ಲ. ಆದರೆ ನಮಗೆ ಈ ಪರೀಕ್ಷೆ ಬೇಗ ಶುರುವಾಗುತ್ತದೆ, ಮಾರ್ಕ್ಸ್ ಕೊಡೋರೂ ಜಾಸ್ತಿ.

"ಅಂದ ಚೆಂದದಲ್ಲಿ ಏನಿದೆ, ಮನಸ್ಸು ಮುಖ್ಯ" ಅಂತ ನಾನು ಹೇಳಲ್ಲ. ಚೆಂದ ಕಾಣಬೇಕು ಅನ್ನೋ ಆಸೆ ತಪ್ಪೇನೂ ಅಲ್ಲ. ನನ್ನ ತಕರಾರು ಬೇರೆ. ನಾವು ಚೆನ್ನಾಗಿದ್ದೀವೋ ಇಲ್ಲವೋ ಅಂತ ತೀರ್ಮಾನ ಮಾಡೋಕೆ ಯಾರ ಮಾತು ನಂಬುತ್ತೀವಿ? ಅದರಲ್ಲಿ ಹೆಚ್ಚಿನವು ನಂಬೋಕೆ ಲಾಯಕ್ಕಿಲ್ಲದ ಮಾತುಗಳು.

ನೆಂಟರನ್ನೇ ತಗೊಳ್ಳಿ. ಛತ್ರದ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಒಬ್ಬ ಅತ್ತೆ ಬಂದು, "ಏನೇ, ಇಷ್ಟೊಂದು ಕಪ್ಪಗಾಗಿದ್ದೀಯಾ?" ಅನ್ನುತ್ತಾರೆ. ಊಟದ ಪಂಕ್ತಿಯಲ್ಲಿ ಇನ್ನೊಬ್ಬರು, "ಸ್ವಲ್ಪ ದಪ್ಪ ಆಗಿದ್ದೀಯಾ ಅಲ್ವಾ?" ಅಂತಾರೆ. ಹೇಳಿದವರಿಗೆ ಅದು ಊರಲ್ಲಿ ಮಳೆ ಆಯ್ತಾ ಅಂತ ಕೇಳಿದಷ್ಟೇ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವಷ್ಟರಲ್ಲಿ ಮರೆತೂ ಬಿಡುತ್ತಾರೆ. ಕೇಳಿಸಿಕೊಂಡ ಹುಡುಗಿ ಮಾತ್ರ ಅದನ್ನು ವರ್ಷಗಟ್ಟಲೆ ಮರೆಯಲ್ಲ.

ಇದಕ್ಕಿಂತ ದೊಡ್ಡದು ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು, ಕೇಸರಿಬಾತ್, ಕಾಫಿ ಎಲ್ಲ ಮುಗಿಯುತ್ತದೆ. ಹುಡುಗನ ತಾಯಿ ಅಡಿಯಿಂದ ಮುಡಿವರೆಗೆ ನೋಡುತ್ತಾರೆ. "ಊರಿಗೆ ಹೋಗಿ ಫೋನ್ ಮಾಡ್ತೀವಿ" ಅಂತ ಎದ್ದು ಹೋಗುತ್ತಾರೆ. ಫೋನ್ ಬರಲ್ಲ. ಕೊನೆಗೆ ಮಧ್ಯಸ್ಥಿಕೆ ವಹಿಸಿದವರು ಮೆಲ್ಲಗೆ ಹೇಳುತ್ತಾರೆ, "ಹುಡುಗಿ ಬಣ್ಣ ಒಂಚೂರು ಕಮ್ಮಿ ಆಯ್ತಂತೆ."

ಇದು ಬಣ್ಣದ ಮಾತೇ ಅಂತ ನಿಮಗೆ ಗ್ಯಾರಂಟಿನಾ? ಹುಡುಗನ ಮನಸ್ಸಲ್ಲಿ ಇನ್ಯಾರೋ ಇರಬಹುದು. ಜಾತಕ ಕೂಡಿರಲಿಕ್ಕಿಲ್ಲ. ಬೇರೆ ಕಡೆ ಸೈಟು ಕೊಡ್ತೀವಿ ಅಂದಿರಬಹುದು. ಅದನ್ನೆಲ್ಲ ಬಾಯಿಬಿಟ್ಟು ಹೇಳೋಕಾಗುತ್ತಾ? ವರದಕ್ಷಿಣೆ ಕೇಳುವುದು 1961ರ ಕಾಯ್ದೆಯಲ್ಲಿ ಅಪರಾಧ. ಬಣ್ಣ ಕಮ್ಮಿ ಅನ್ನೋದು ಯಾವ ಕಾಯ್ದೆಯಲ್ಲೂ ಅಪರಾಧ ಅಲ್ಲ. ಹಾಗಾಗಿ ಬೇಡ ಅನ್ನೋಕೆ ಅದೇ ಸಲೀಸಾದ ನೆಪ. ಕೆಲವರಿಗೆ ನಿಜಕ್ಕೂ ಬಣ್ಣವೇ ಬೇಕಿರುತ್ತದೆ, ಅದೂ ಗೊತ್ತು. ಆದರೆ ವ್ಯಾಪಾರ ಕುದುರದಾಗ ಆಡಿದ ಮಾತನ್ನು ಹುಡುಗಿ ತನ್ನ ಮುಖಕ್ಕೆ ಕಟ್ಟಿದ ಬೆಲೆ ಅಂದುಕೊಳ್ಳುತ್ತಾಳೆ. ನನಗೆ ಸಿಟ್ಟು ಬರೋದು ಅದಕ್ಕೇ.

ಮಾರುಕಟ್ಟೆ ಇದನ್ನು ಚೆನ್ನಾಗಿ ಬಳಸಿಕೊಂಡಿತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಅದೇ ವರ್ಷ ಶಾದಿ ಡಾಟ್ ಕಾಮ್‌ನವರು ಮೈಬಣ್ಣ ಆರಿಸುವ ಫಿಲ್ಟರ್ ತೆಗೆದರು. ಒಳ್ಳೆಯದೇ. ಆದರೆ ಪ್ರೊಫೈಲಲ್ಲಿ ಫೋಟೋ ಇದ್ದೇ ಇದೆಯಲ್ಲ, ಆರಿಸೋರಿಗೆ ಕಣ್ಣೇ ಸಾಕು.

ಸರಿ, ಜನರ ಮಾತು ಬಿಡೋಣ, ಕನ್ನಡಿ ಸುಳ್ಳು ಹೇಳಲ್ವಲ್ಲ ಅಂತೀರಾ? 1977ರಲ್ಲಿ ಅಮೆರಿಕದ ಸಂಶೋಧಕರು ಒಂದು ಮಜವಾದ ಪ್ರಯೋಗ ಮಾಡಿದ್ದರು. ಕಾಲೇಜು ಹುಡುಗಿಯರ ಫೋಟೋ ತೆಗೆದು ಎರಡು ಥರ ಪ್ರಿಂಟ್ ಹಾಕಿಸಿದರು. ಒಂದು ಇದ್ದ ಹಾಗೇ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿದ್ದು. ಹುಡುಗಿಯರಲ್ಲಿ ಹೆಚ್ಚಿನವರಿಗೆ ಹಿಡಿಸಿದ್ದು ತಿರುಗಿಸಿದ ಫೋಟೋ. ಅವರ ಗೆಳತಿಯರಲ್ಲಿ ಹೆಚ್ಚಿನವರು ಮೆಚ್ಚಿದ್ದು ಇನ್ನೊಂದನ್ನು. ಕಾರಣ ಸರಳ. ನೋಡಿ ನೋಡಿ ಅಭ್ಯಾಸ ಆದ ಮುಖವೇ ಎಲ್ಲರಿಗೂ ಇಷ್ಟ. ನಾವು ದಿನಾ ನೋಡೋದು ಕನ್ನಡಿಯೊಳಗಿನ ಮುಖ. ಅಲ್ಲಿ ಎಡಗಡೆ ಕಾಣುವ ಮೂಗುಬೊಟ್ಟು ಫೋಟೋದಲ್ಲಿ ಬಲಗಡೆ ಬಂದ ಕೂಡಲೇ ಏನೋ ಸೊಟ್ಟಗಿದೆ ಅನ್ನಿಸುತ್ತದೆ. ನಮ್ಮನ್ನು ಪ್ರೀತಿಸೋರಿಗೆ ಆ ಸೊಟ್ಟಗಿನ ಮುಖವೇ ಸರಿಯಾದ ಮುಖ!

ಸೆಲ್ಫಿ ಕಥೆ ಇನ್ನೂ ಕೆಟ್ಟದು. ಮುಖದಿಂದ ಒಂದಡಿ ದೂರದಲ್ಲಿ ಫೋನ್ ಹಿಡಿದರೆ, ಐದಡಿ ದೂರದಿಂದ ತೆಗೆದ ಫೋಟೋಗಿಂತ ಮೂಗು ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ ಅಂತ 2018ರಲ್ಲಿ ವೈದ್ಯರು ಲೆಕ್ಕ ಹಾಕಿ ತೋರಿಸಿದರು. ತಪ್ಪು ದೂರದ್ದು, ಬೈಸಿಕೊಳ್ಳೋದು ಮೂಗು.

ಇನ್ನು ಗಂಡಸರು. ಬಸ್ಸಲ್ಲಿ ಗುರಾಯಿಸುವವನ ನೋಟವನ್ನು ದಯವಿಟ್ಟು ಲೆಕ್ಕಕ್ಕೆ ತಗೋಬೇಡಿ, ಅವನು ಎಲ್ಲರನ್ನೂ ಹಾಗೇ ನೋಡುತ್ತಾನೆ. ಅವನು ನೋಡಿದ ಅಂತ ಹೆಮ್ಮೆಯೂ ಬೇಡ, ನೋಡಲಿಲ್ಲ ಅಂತ ಬೇಜಾರೂ ಬೇಡ. ಮೆಚ್ಚಬೇಕಾದವರು ಏನು ಮೆಚ್ಚುತ್ತಾರೆ ಅನ್ನೋದರಲ್ಲೂ ನಮ್ಮ ಊಹೆ ತಪ್ಪೇ. 1985ರಲ್ಲಿ ಫಾಲನ್ ಮತ್ತು ರೋಜಿನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ತೆಳ್ಳಗಿನಿಂದ ದಪ್ಪದವರೆಗಿನ ಆಕೃತಿಗಳ ಸಾಲು ತೋರಿಸಿ ಕೇಳಿದರು. ಗಂಡಸರಿಗೆ ಇಷ್ಟ ಆಗೋದು ಇದು ಅಂತ ಹುಡುಗಿಯರು ತೋರಿಸಿದ ಆಕೃತಿ, ಹುಡುಗರು ನಿಜವಾಗಿ ಆರಿಸಿದ್ದಕ್ಕಿಂತ ತೆಳ್ಳಗಿತ್ತು. ಹುಡುಗಿಯರು ತಮಗೆ ಬೇಕು ಅಂತ ತೋರಿಸಿದ್ದಂತೂ ಅದಕ್ಕಿಂತಲೂ ತೆಳ್ಳಗೆ. ಅಲ್ಲಿನ ವಿದ್ಯಾರ್ಥಿಗಳ ಮಾತು ಅದು, ನಮಗೆ ಹಾಗೇ ಅನ್ವಯಿಸೋಕಾಗಲ್ಲ. ಆದರೂ ರಾತ್ರಿ ಊಟ ಬಿಟ್ಟು ಬರೀ ಸೌತೆಕಾಯಿ ತಿನ್ನುವ ನಮ್ಮ ಹುಡುಗಿಯರಿಗೆ ಒಮ್ಮೆ ಕೇಳಬೇಕು ಅನ್ನಿಸುತ್ತದೆ, ಯಾರಿಗೋಸ್ಕರ ಅಂತ.

ಹಾಗಾದರೆ ನಂಬುವ ಮಾತೇ ಇಲ್ವಾ? ಇದೆ. ಏನೂ ಲಾಭ ಇಲ್ಲದವರು, ಯಾರೂ ಕೇಳದೆ, ಸುಮ್ನೆ ಆಡಿದ ಮಾತು. ಆಫೀಸ್ ಲಿಫ್ಟಲ್ಲಿ ಬೇರೆ ಸೆಕ್ಷನ್ ಹುಡುಗಿ, "ಮೇಡಂ, ಇವತ್ತು ತುಂಬಾ ಚೆನ್ನಾಗಿ ಕಾಣ್ತಿದ್ದೀರಾ" ಅನ್ನುತ್ತಾಳಲ್ಲ, ಅದು. ಅವಳಿಗೆ ನಿಮ್ಮಿಂದ ಏನೂ ಆಗಬೇಕಿಲ್ಲ. ಅತ್ತೆಯ ಮಾತನ್ನು ಅಷ್ಟು ವರ್ಷ ನಂಬಿದ ನಾವು ಇವಳಿಗೆ ಏನು ಹೇಳ್ತೀವಿ ಗೊತ್ತಲ್ಲ?

"ಅಯ್ಯೋ, ಇದಾ? ಆಷಾಢ ಸೇಲಲ್ಲಿ ತಗೊಂಡಿದ್ದು ಕಣೇ!"