ನಂಜಾಗಿದ್ದಕ್ಕೆ ಬದನೆಕಾಯಿಯನ್ನು ಬೈಯಬೇಡಿ

ಕೇಳುಗರಿಗೆ ನಮಸ್ಕಾರ. ಕಾಫಿ ಹಿಡಿದು ಜಗಲಿಯಲ್ಲಿ ಕೂತವರಿಗೂ, ಕೊಟ್ಟಿಗೆಯ ಗೂಟಕ್ಕೆ ರೇಡಿಯೋ ನೇತುಹಾಕಿ ಹಾಲು ಕರೆಯುತ್ತಿರುವವರಿಗೂ.

ಕೈಗೆ ಸಿಬಿರು ಹೊಕ್ಕು ಬಾತುಕೊಂಡರೆ ನಮ್ಮ ಕಡೆಯವರು ಬಂದು ಹೇಳುವುದು ಒಂದೇ ಮಾತು: 'ಡಾಕ್ಟ್ರೇ, ನಿನ್ನೆ ಬದನೆಕಾಯಿ ತಿಂದೆ, ನಂಜಾಯ್ತು.' ಕೇಳಿ ಕೇಳಿ ಸಾಕಾಗಿದೆ. ಬದನೆಕಾಯಿ ಪಾಪ, ಏನೂ ಮಾಡಿಲ್ಲ. ಆ ಊತ ನಿಮ್ಮ ಮೈಯೇ ಎಬ್ಬಿಸಿದ್ದು.

ಹೊಸನಗರದ ಹತ್ತಿರ ನಮ್ಮ ದೊಡ್ಡಪ್ಪ ಒಂದು ಮಳೆಗಾಲ ಬೇಲಿಗೆ ದಬ್ಬೆ ಸೀಳುತ್ತಿದ್ದರು. ಹೆಬ್ಬೆರಳಿನ ಬುಡಕ್ಕೆ ಸಿಬಿರು ಹೊಕ್ಕಿತು. ಕಿತ್ತರು, ಸುಣ್ಣ ಹಚ್ಚಿದರು, ಮತ್ತೆ ಕತ್ತಿ ಹಿಡಿದರು. ತುದಿ ಒಳಗೇ ಮುರಿದಿತ್ತು. ಸಂಜೆಗೆ ಕೆಂಪಾಯಿತು, ರಾತ್ರಿ ಮುಟ್ಟಿದರೆ ಬಿಸಿ, ಬೆಳಿಗ್ಗೆ ಬೆರಳು ಮಡಚಲು ಬರುತ್ತಿಲ್ಲ. ದೊಡ್ಡಮ್ಮ ಅಡುಗೆಮನೆಯಲ್ಲಿ ಬದನೆ ಬಂದ್ ಮಾಡಿದರು. ದೊಡ್ಡಪ್ಪ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, 'ಡಾಕ್ಟರಿಕೆ ಓದ್ತಿದ್ದೀಯಲ್ಲ ಮಾರಾಯ, ಇದು ಯಾಕೆ ಬಾತಿತು ಹೇಳು' ಅಂದರು. ಆಗ ನಾನು ತಡವರಿಸಿದೆ.

ಈಗ ಹೇಳುತ್ತೇನೆ. ಚರ್ಮದ ಕೆಳಗೆ ಮ್ಯಾಕ್ರೋಫೇಜ್, ಮಾಸ್ಟ್ ಕೋಶ ಅಂತ ಕಾವಲಿನ ಕೋಶಗಳು ಮೊದಲೇ ಕೂತಿರುತ್ತವೆ. ಅವಕ್ಕೆ ಕಣ್ಣಿಲ್ಲ, ಮುಟ್ಟಿಯೇ ತಿಳಿಯಬೇಕು. ಬ್ಯಾಕ್ಟೀರಿಯಾದ ಗೋಡೆಯ ಚೂರು ತಗುಲಿದರೆ ಗೊತ್ತಾಗುತ್ತದೆ, ಅಂಥದ್ದು ನಮ್ಮ ಮೈಯಲ್ಲಿ ಇಲ್ಲವಲ್ಲ. ಇನ್ನೊಂದು, ನಮ್ಮದೇ ಕೋಶ ಒಡೆದು ಒಳಗಿನ ಸರಕು ಹೊರಗೆ ಚೆಲ್ಲುವುದು. ಅಡುಗೆಮನೆಯ ಅಕ್ಕಿ ಬೆಳಿಗ್ಗೆ ಅಂಗಳದಲ್ಲಿ ಚೆಲ್ಲಾಡಿದ್ದರೆ ಕಳ್ಳನನ್ನು ಕಣ್ಣಾರೆ ನೋಡಲೇಬೇಕಾ? ಎಟಿಪಿ ಅನ್ನುವ ವಸ್ತು ಹಾಗೇ, ಕೋಶದ ಒಳಗಿದ್ದರೆ ಇಂಧನ, ಹೊರಗೆ ಚೆಲ್ಲಿದರೆ ಅಪಾಯದ ಸುದ್ದಿ. ಅದಕ್ಕೇ ಕಾಲು ಉಳುಕಿದಾಗ, ಒಂದು ಕ್ರಿಮಿಯೂ ಇಲ್ಲದೆ, ಬಾತುಕೊಳ್ಳುತ್ತದೆ.

ಸುದ್ದಿ ಸಿಕ್ಕಿದ್ದೇ ಮಾಸ್ಟ್ ಕೋಶಗಳು ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುತ್ತವೆ. ರಕ್ತನಾಳ ಅಗಲವಾಗಿ ರಕ್ತ ಜಾಸ್ತಿ ಬರುತ್ತದೆ, ಅದೇ ಕೆಂಪು, ಅದೇ ಬಿಸಿ. ನಾಳದ ಗೋಡೆ ಸಡಿಲವಾಗಿ ನೀರು ಜಿನುಗುತ್ತದೆ, ಅದೇ ಊತ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ನುಗ್ಗುತ್ತವೆ, ಕ್ರಿಮಿಗಳನ್ನು ನುಂಗಿ ಅಲ್ಲೇ ಸಾಯುತ್ತವೆ. ನೀವು ಮೂಗು ಮುರಿಯುವ ಕೀವಿನಲ್ಲಿ ಇರುವುದು ಮುಖ್ಯವಾಗಿ ಅವುಗಳ ಹೆಣ. ಎಲ್ಲಾದರೂ ಬದನೆಕಾಯಿ ಬಂತಾ?

ನಾಲ್ಕನೇ ದಿನ ಕೀವಿನ ಜೊತೆಗೇ ಜೀರಿಗೆಯಷ್ಟು ತುದಿ ಹೊರಬಂತು, ಊತ ಇಳಿಯಿತು. ದೊಡ್ಡಮ್ಮ ಮಾತ್ರ 'ಪಥ್ಯ ಮಾಡಿದ್ದಕ್ಕೆ ಹೋಯ್ತು' ಅಂದರು.

ಅಯ್ಯೋ, ಸಮಯ ಮುಗೀತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಈ ಕಾವಲಿನ ಗುಟ್ಟು ಸಿಕ್ಕಿದ್ದು ನೊಣದಲ್ಲಿ. ಟಾಲ್ ಅನ್ನುವ ಜೀನ್ ಕೆಟ್ಟುಹೋಗಿದ್ದ ಹಣ್ಣುನೊಣಗಳು ಬೂಷ್ಟಿನ ಸೋಂಕಿಗೆ ಸತ್ತವು, 1996ರಲ್ಲಿ ವಿಜ್ಞಾನಿ ಜೂಲ್ಸ್ ಹಾಫ್‌ಮನ್ ತಂಡ ಕಂಡದ್ದು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಇಲಿಯಲ್ಲೂ ಅಂಥದ್ದೇ ಜೀನ್ ಕಂಡರು, ಬ್ಯಾಕ್ಟೀರಿಯಾದ ಗೋಡೆಯ ಚೂರು ಗುರುತಿಸುವುದು ಅದರಿಂದಲೇ. 2011ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಕೆಂಪು ಗೆರೆ ತೋಳಿನತ್ತ ಏರಿದರೆ, ಜ್ವರ ಬಂದರೆ, ಅವತ್ತೇ ಆಸ್ಪತ್ರೆಗೆ ಬನ್ನಿ. ಬಂದು ಏನು ತಿಂದಿರಿ ಅನ್ನುವುದು ಬೇಡ, ಸಿಬಿರು ಯಾವಾಗ ಹೊಕ್ಕಿತು ಅದನ್ನು ಹೇಳಿ. ನಮಸ್ಕಾರ.