ರಾತ್ರಿ ಉಪವಾಸ, ಬೆಳಿಗ್ಗೆ ಸಕ್ಕರೆ

ಕೇಳುಗರಿಗೆ ನಮಸ್ಕಾರ.

"ರಾತ್ರಿಯಿಡೀ ಏನೂ ತಿಂದಿಲ್ಲ. ಆದರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಜಾಸ್ತಿ ಇದೆ. ಎಲ್ಲಿಂದ ಬಂತು?" ಸಕ್ಕರೆ ಕಾಯಿಲೆ ಇರುವವರು ಆಗಾಗ ಕೇಳುವ ಮಾತಿದು. ಮನೆಯವರಿಗೋ ಅನುಮಾನ, ಕದ್ದು ಏನೋ ತಿಂದಿರಬೇಕು ಅಂತ! ಪಾಪ, ಅವರು ತಿಂದಿಲ್ಲ. ಸಕ್ಕರೆ ಬಂದದ್ದು ಅವರದೇ ಲಿವರ್‌ನಿಂದ. ಅದನ್ನು ಹೊರಗೆ ತರಿಸಿದವರಲ್ಲಿ ಮುಖ್ಯವಾದದ್ದು ಗ್ಲುಕಗಾನ್ ಎಂಬ ಹಾರ್ಮೋನು.

ಇನ್ಸುಲಿನ್ ಹೆಸರು ಎಲ್ಲರಿಗೂ ಗೊತ್ತು. ಗ್ಲುಕಗಾನ್ ಅದರ ಪಕ್ಕದ ಮನೆಯದ್ದೇ, ಆದರೆ ಯಾರೂ ಮಾತಾಡಿಸುವುದಿಲ್ಲ. ಎರಡೂ ಹುಟ್ಟುವುದು ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯಲ್ಲಿ. ಈ ಗ್ರಂಥಿಯ ಬಹುಪಾಲು ಜೀರ್ಣರಸ ತಯಾರಿಸುತ್ತದೆ. ನಡುನಡುವೆ ಮಾತ್ರ ಪುಟ್ಟ ಜೀವಕೋಶಗಳ ಗುಂಪುಗಳಿವೆ. 1869ರಲ್ಲಿ ಬರ್ಲಿನ್‌ನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಇವನ್ನು ಗುರುತಿಸಿದರು. ಇವುಗಳ ಕೆಲಸ ಏನೆಂದು ತಮಗೆ ತಿಳಿಯದು ಅಂತ ಒಪ್ಪಿಕೊಂಡರು ಕೂಡ. ಆ ನೇರ ಮಾತು ನನಗೆ ಬಹಳ ಇಷ್ಟ.

ಈ ಗುಂಪಿನ ಬೀಟಾ ಕೋಶಗಳು ಇನ್ಸುಲಿನ್ ಬಿಡುತ್ತವೆ. ಊಟವಾದ ಮೇಲೆ ಸಕ್ಕರೆ ಏರಿದಾಗ ಅದನ್ನು ಸ್ನಾಯು, ಕೊಬ್ಬಿನ ಕೋಶಗಳೊಳಗೆ ಸೇರಿಸುವುದು, ಲಿವರ್‌ನಲ್ಲಿ ಕೂಡಿಡಿಸುವುದು ಇನ್ಸುಲಿನ್ ಕೆಲಸ. ಆಲ್ಫಾ ಕೋಶಗಳ ಗ್ಲುಕಗಾನ್ ಮಾಡುವುದು ಇದರ ಉಲ್ಟಾ. ಕೂಡಿಟ್ಟದ್ದನ್ನು ಹೊರಗೆ ತೆಗೆಸುತ್ತದೆ.

ತೆಗೆಸುವ ಅಗತ್ಯವೇನು ಅಂತೀರಾ? ಲೆಕ್ಕ ಹಾಕಿ. ಆರೋಗ್ಯವಂತರ ಇಡೀ ರಕ್ತದಲ್ಲಿರುವ ಸಕ್ಕರೆ ಸುಮಾರು ಒಂದು ಟೀ ಚಮಚದಷ್ಟು, ಅಂದರೆ 4-5 ಗ್ರಾಂ. ಮಿದುಳೊಂದಕ್ಕೇ ದಿನಕ್ಕೆ 100 ಗ್ರಾಂಗೂ ಜಾಸ್ತಿ ಬೇಕು. ನಾವು ಮಲಗಿದ್ದರೂ ಅದು ಕೇಳುತ್ತಲೇ ಇರುತ್ತದೆ. ರಾತ್ರಿ ಲಿವರ್ ಕೊಡದಿದ್ದರೆ ಆ ಒಂದು ಚಮಚ ಎಷ್ಟು ಹೊತ್ತು ಸಾಕಾದೀತು?

ಇಲ್ಲೊಂದು ಸೊಗಸಿದೆ. ಬೀಟಾ ಕೋಶದ ಇನ್ಸುಲಿನ್ ಪಕ್ಕದ ಆಲ್ಫಾ ಕೋಶಕ್ಕೂ "ಸಾಕು, ನಿಲ್ಲಿಸು" ಅನ್ನುತ್ತದೆ. ಇದೇ ಗುಂಪಿನ ಡೆಲ್ಟಾ ಕೋಶಗಳು ಬಿಡುವ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನಂತೂ ಇಬ್ಬರನ್ನೂ ಹಿಡಿತದಲ್ಲಿಡುತ್ತದೆ. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಈ ಮಾತುಕತೆ ಕೆಡುತ್ತದೆ. ಎಷ್ಟೋ ಜನರಲ್ಲಿ ಊಟದ ನಂತರವೂ ಗ್ಲುಕಗಾನ್ ಸರಿಯಾಗಿ ಇಳಿಯುವುದಿಲ್ಲ. ಲಿವರ್ ಕೂಡ ಇನ್ಸುಲಿನ್ ಮಾತು ಕೇಳುವುದಿಲ್ಲ. ರಾತ್ರಿಯೆಲ್ಲ ಸಕ್ಕರೆ ಸುರಿಯುತ್ತಲೇ ಇರುತ್ತದೆ. ಬೆಳಗಿನ ಜಾವ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಕೂಡ ಏರಿ ಇದಕ್ಕೆ ಕೈಜೋಡಿಸುತ್ತದೆ.

ಹಾಗಾಗಿ ಬೆಳಗಿನ ಅಂಕಿ ನೋಡಿ ಗಾಬರಿಯಾಗಿ, ಸುಮ್ನೆ ರಾತ್ರಿ ಊಟ ಬಿಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಹಾಗೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೊದಲು ವೈದ್ಯರನ್ನು ಕೇಳಿ. ಅಂದಹಾಗೆ, ಹಾಗೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಿದವರಿಗೆ ಕೊಡುವ ಒಂದು ಚುಚ್ಚುಮದ್ದು ಯಾವುದು ಗೊತ್ತಾ? ಇದೇ ಗ್ಲುಕಗಾನ್.

ನಮಸ್ಕಾರ.